ನೋಡುತ್ತ ನಿಂತವರ ಪಾತ್ರ: ಪೀಡನೆಯ ತಡೆಗೆ ಎರಡು ಅವಧಿಯ ನಾಟಕ ಪಾಠ

ಶಾಲೆಯಲ್ಲಿ ಮಕ್ಕಳು ಜಗಳವಾಡುವುದು, ಟೂ ಬಿಡುವುದು, ಮರುದಿನ ಒಂದೇ ಡಬ್ಬಿಯಿಂದ ತಿನ್ನುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಅಂಥ ಜಗಳಕ್ಕೆ ನಾಟಕ ಬೇಕಿಲ್ಲ, ಒಂದು ರಾತ್ರಿಯ ನಿದ್ದೆ ಸಾಕು. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ನಡವಳಿಕೆಯ ಕುರಿತು. ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅದಕ್ಕೆ ಮೂರು ಗುರುತುಗಳನ್ನು ಕೊಟ್ಟರು: ನೋಯಿಸುವ ಉದ್ದೇಶವಿರುತ್ತದೆ, ಅದು ಮತ್ತೆ ಮತ್ತೆ ನಡೆಯುತ್ತದೆ, ಇಬ್ಬರ ಬಲವೂ ಸಮವಾಗಿರುವುದಿಲ್ಲ. ಶಿಕ್ಷಣಶಾಸ್ತ್ರದ ಪುಸ್ತಕಗಳು ಇದನ್ನು ‘ಪೀಡನೆ’ ಎನ್ನುತ್ತವೆ. ಮಕ್ಕಳ ಬಾಯಲ್ಲಿ ಆ ಪದ ಬರುವುದಿಲ್ಲ. ‘ಗೋಳು ಹುಯ್ದುಕೊಳ್ಳೋದು’ ಎಂದರೆ ಒಂದನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಪಾಠದಲ್ಲಿ ಆ ಮಾತನ್ನೇ ಬಳಸುವುದು ಒಳ್ಳೆಯದು.

ಇದು ಎಲ್ಲೋ ಒಂದೆರಡು ಶಾಲೆಗಳ ಕಾಯಿಲೆಯಲ್ಲ. ಹಿಂದಿನ ಒಂದು ತಿಂಗಳಲ್ಲಿ ಸಹಪಾಠಿಗಳಿಂದ ಪೀಡನೆಗೆ ಒಳಗಾದ ಮಕ್ಕಳು ಜಗತ್ತಿನಾದ್ಯಂತ ಸುಮಾರು ಮೂವರಲ್ಲಿ ಒಬ್ಬರು ಎಂದು ಯುನೆಸ್ಕೋ 2019ರ ವರದಿಯಲ್ಲಿ ಹೇಳಿತು. ನಮ್ಮ ಕಣ್ಣಿಗೆ ಅದು ಬೀಳದಿರುವುದಕ್ಕೆ ಕಾರಣವಿದೆ. ಅದು ನಡೆಯುವುದು ಬಿಸಿಯೂಟದ ಸಾಲಿನಲ್ಲಿ, ನಲ್ಲಿಯ ಹತ್ತಿರ, ಶೌಚಾಲಯದ ಹಿಂದೆ, ಒಬ್ಬ ಶಿಕ್ಷಕರು ಹೋಗಿ ಇನ್ನೊಬ್ಬರು ಬರುವ ನಡುವಿನ ಐದು ನಿಮಿಷದಲ್ಲಿ. ಅವಲೋಕನ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕೂರುವ ಪ್ರಶಿಕ್ಷಣಾರ್ಥಿಗೆ ಮಾತ್ರ ಆ ಐದು ನಿಮಿಷ ಕಾಣುತ್ತದೆ. ಹಿರಿಯ ಶಿಕ್ಷಕರಿಗೆ ಸಿಗದ ಈ ಅನುಕೂಲ ನಿಮಗಿದೆ.

ಕಿರುನಾಟಕ ಏಕೆ ಸಾಲದು

ಪೀಡನೆಯ ವಿಷಯದಲ್ಲಿ ಶಾಲೆಗಳು ನಾಟಕ ಮಾಡಿಸುವುದೇ ಇಲ್ಲ ಎನ್ನುವಂತಿಲ್ಲ. ವಾರ್ಷಿಕೋತ್ಸವಕ್ಕೋ ಪ್ರತಿಭಾ ಕಾರಂಜಿಗೋ ಒಂದು ಕಿರುನಾಟಕ ಸಿದ್ಧವಾಗುತ್ತದೆ. ಅದರಲ್ಲಿ ಒಬ್ಬ ಪುಂಡ ಹುಡುಗ ಕುಂಟುವ ಹುಡುಗನೊಬ್ಬನನ್ನು ಅಣಕಿಸುತ್ತಾನೆ. ಕೊನೆಯ ದೃಶ್ಯದಲ್ಲಿ ಪುಂಡ ಕೆರೆಗೆ ಬೀಳುತ್ತಾನೆ, ಕುಂಟುವ ಹುಡುಗನೇ ಅವನನ್ನು ಎತ್ತುತ್ತಾನೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ, ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ. ಇಂಥ ನಾಟಕದ ಹಿಂದಿನ ಶ್ರಮವನ್ನು ಹಗುರಮಾಡಿ ಮಾತನಾಡುವುದು ನನ್ನ ಉದ್ದೇಶವಲ್ಲ. ಆದರೆ ಸಭೆಯಲ್ಲಿ ಕುಳಿತ, ನಿಜವಾಗಿ ಗೋಳು ಅನುಭವಿಸುತ್ತಿರುವ ಮಗುವಿಗೆ ಅದು ಏನು ಹೇಳುತ್ತದೆ? ನಿನ್ನನ್ನು ಮನುಷ್ಯನಂತೆ ಕಾಣಬೇಕಾದರೆ ಮೊದಲು ನೀನು ಯಾರದಾದರೂ ಪ್ರಾಣ ಉಳಿಸಬೇಕು ಎಂದು. ಕಾಡಿಸುವ ಹುಡುಗನಿಗೆ ಅದು ಏನೂ ಹೇಳುವುದಿಲ್ಲ. ತನ್ನನ್ನು ಪುಂಡನೆಂದು ಅವನು ಎಂದೂ ತಿಳಿದಿಲ್ಲ, ತಾನು ತಮಾಷೆಗಾರನೆಂದೇ ಅವನ ಎಣಿಕೆ. ಉಳಿದ ಮೂವತ್ತು ಮಕ್ಕಳಿಗೆ ಆ ನಾಟಕದಲ್ಲಿ ಪಾತ್ರವೇ ಇರುವುದಿಲ್ಲ.

ಆ ಮೂವತ್ತು ಮಕ್ಕಳ ಕಡೆಗೆ ಸಂಶೋಧಕರ ಗಮನ ಹರಿದದ್ದು 1990ರ ದಶಕದಲ್ಲಿ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಅವರ ಸಂಗಡಿಗರು 1996ರಲ್ಲಿ, ಪೀಡನೆಯಲ್ಲಿ ಇರುವುದು ಎರಡು ಪಾತ್ರಗಳಲ್ಲ ಆರು ಎಂದು ತೋರಿಸಿದರು: ಕಾಡಿಸುವವನು, ಅವನ ಬಲಗೈ, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಪರವಾಗಿ ನಿಲ್ಲುವವರು, ಮತ್ತು ಪೀಡನೆಗೆ ಸಿಕ್ಕ ಮಗು. ಕೆನಡಾದ ಟೊರೊಂಟೊ ನಗರದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಮೈಕ್ ಇಟ್ಟು ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕುತೂಹಲದ್ದು. ಹತ್ತು ಪ್ರಸಂಗಗಳಲ್ಲಿ ಎಂಟಕ್ಕಿಂತ ಹೆಚ್ಚಿನವುಗಳಲ್ಲಿ ಬೇರೆ ಮಕ್ಕಳು ನೋಡುತ್ತ ನಿಂತಿದ್ದರು. ಅವರಲ್ಲಿ ಯಾರಾದರೂ ನಡುವೆ ಬಂದದ್ದು ಐದರಲ್ಲಿ ಒಂದು ಪ್ರಸಂಗದಲ್ಲಿ ಮಾತ್ರ. ಹಾಗೆ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತು.

ಹತ್ತು ಸೆಕೆಂಡು ಎಂದರೆ ಒಂದು ಮಾತಿನ ಅವಧಿ. ಆ ಒಂದು ಮಾತು ಮಕ್ಕಳ ಬಾಯಿಗೆ ಬರುವುದಿಲ್ಲವೇಕೆ? ಮನಸ್ಸಿನಲ್ಲಿ ಕರುಣೆ ಇಲ್ಲದ್ದಕ್ಕಲ್ಲ. ಏನು ಹೇಳಬೇಕೆಂದು ಹೊಳೆಯುವಷ್ಟರಲ್ಲಿ ಸಮಯ ಮೀರಿರುತ್ತದೆ, ಹೇಳಿದರೆ ಮುಂದಿನ ಸರದಿ ತನ್ನದೆಂಬ ಹೆದರಿಕೆಯೂ ಇರುತ್ತದೆ. ಈ ಎರಡೂ ತೊಡಕುಗಳಿಗೆ ತಾಲೀಮು ಬೇಕು. ತಾಲೀಮು ಕೊಡುವ ಕಲೆ ನಾಟಕ.

ಪ್ರೇಕ್ಷಕನನ್ನು ರಂಗಕ್ಕೆ ಕರೆಯುವ ಪದ್ಧತಿ

ಬ್ರೆಜಿಲ್ ದೇಶದ ರಂಗಕರ್ಮಿ ಆಗುಸ್ತೊ ಬೊವಾಲ್ (1931–2009) ದೇಶ ಬಿಟ್ಟು ಬಂದು, 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದರು. ಊರಿನವರ ಒಂದು ಸಮಸ್ಯೆಯನ್ನು ನಟರು ಆಡಿ ತೋರಿಸುವುದು, ಬಿಕ್ಕಟ್ಟು ಬಂದಾಗ ನಿಲ್ಲಿಸಿ ‘ಈಗೇನು ಮಾಡಬೇಕು?’ ಎಂದು ಪ್ರೇಕ್ಷಕರನ್ನು ಕೇಳುವುದು, ಅವರು ಹೇಳಿದಂತೆ ನಟರು ಆಡುವುದು ಅವರ ಕ್ರಮವಾಗಿತ್ತು. ಒಮ್ಮೆ ಪ್ರೇಕ್ಷಕರಲ್ಲಿದ್ದ ಒಬ್ಬ ಹೆಂಗಸಿಗೆ, ತಾನು ಹೇಳಿದ್ದನ್ನು ನಟಿ ಎಷ್ಟು ಸಲ ಆಡಿದರೂ ಸಮಾಧಾನವಾಗಲಿಲ್ಲ. ‘ಹಾಗಾದರೆ ನೀವೇ ಬಂದು ಮಾಡಿ ತೋರಿಸಿ’ ಎಂದರು ಬೊವಾಲ್. ಆಕೆ ಬಂದು ಮಾಡಿದಳು. ಫೋರಂ ರಂಗಭೂಮಿ ಹುಟ್ಟಿದ್ದು ಹೀಗೆಂದು ಬೊವಾಲ್ ಬರೆದುಕೊಂಡಿದ್ದಾರೆ. ಭಾರತದಲ್ಲಿ ಈ ಪದ್ಧತಿಯನ್ನು ಹಳ್ಳಿಹಳ್ಳಿಗೆ ಒಯ್ದದ್ದು 1985ರಲ್ಲಿ ಪಶ್ಚಿಮ ಬಂಗಾಳದಲ್ಲಿ ಆರಂಭವಾದ ಜನ ಸಂಸ್ಕೃತಿ ತಂಡ.

ಹೆಸರು ಹೊರಗಿನದಾದರೂ ಇದರ ನಡೆ ನಮಗೆ ಅಪರಿಚಿತವಲ್ಲ. ಯಕ್ಷಗಾನದಲ್ಲಿ ಭಾಗವತರು ಪದ ಹಾಡುವುದರ ಜೊತೆಗೆ ವೇಷಧಾರಿಯನ್ನು ಮಾತಿಗೆಳೆಯುತ್ತಾರೆ, ‘ತಾವು ಯಾರು, ಬಂದ ಕಾರಣವೇನು?’ ಎಂದು ವಿಚಾರಿಸುತ್ತಾರೆ. ತಾಳಮದ್ದಲೆಯಲ್ಲಿ ವೇಷವೂ ಇಲ್ಲ, ಬರೆದಿಟ್ಟ ಮಾತೂ ಇಲ್ಲ; ಕತೆ ಒಂದೇ ಆದರೂ ಅರ್ಥಧಾರಿ ಬದಲಾದರೆ ವಾದ ಬದಲಾಗುತ್ತದೆ. ಕರಾವಳಿ, ಮಲೆನಾಡಿನ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ‘ಇದು ತಾಳಮದ್ದಲೆಯ ಹಾಗೆ’ ಎಂದರೆ ಅರ್ಧ ವಿವರಣೆ ಮುಗಿದಂತೆ. ನಡೆಸಿಕೊಡುವ ಶಿಕ್ಷಕರನ್ನು ಬೊವಾಲ್ ಇಸ್ಪೀಟಿನ ಜೋಕರ್ ಎಂದು ಕರೆದರು. ನಾವು ‘ಭಾಗವತರು’ ಎನ್ನೋಣ.

ಪಾಠ

ತರಗತಿ 7. ಒಟ್ಟಿಗೆ ಎರಡು ಅವಧಿ, ಅಂದರೆ 80 ನಿಮಿಷ. ಬ್ಯಾಗ್‌ರಹಿತ ಶನಿವಾರ ಇರುವ ಶಾಲೆಯಲ್ಲಿ ಮುಖ್ಯಶಿಕ್ಷಕರು ಇದನ್ನು ಸಂತೋಷದಿಂದ ಕೊಡುತ್ತಾರೆ. ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಜಾಗ ಮಾಡಿಕೊಳ್ಳಬೇಕು. ಸಾಮಗ್ರಿ ಎಂದರೆ ಎರಡು ತಟ್ಟೆ, ಒಂದು ಸೌಟು, ಒಂದು ಟೋಪಿ, ಒಂದು ಟವೆಲ್.

ಮೊದಲ ಹದಿನೈದು ನಿಮಿಷ ಆಟ. ಜೋಡಿ ಜೋಡಿಯಾಗಿ ನಿಂತು, ಒಬ್ಬರು ಕನ್ನಡಿ ಇನ್ನೊಬ್ಬರು ನೋಡಿಕೊಳ್ಳುವವರು, ಆಮೇಲೆ ಅದಲುಬದಲು. ನಂತರ ಮೂವರ ಗುಂಪು ಮಾಡಿ, ಮಾತಿಲ್ಲದೆ ಕಲ್ಲಿನ ಗೊಂಬೆಗಳಂತೆ ಒಂದು ಚಿತ್ರ ಕಟ್ಟಲು ಹೇಳಿ: ‘ಒಬ್ಬರನ್ನು ಹೊರಗಿಟ್ಟ ಚಿತ್ರ’. ಯಾವ ಗುಂಪಿಗೂ ಎರಡನೆಯ ಸಲ ವಿವರಿಸಬೇಕಾಗುವುದಿಲ್ಲ. ಈ ಚಿತ್ರ ಅವರಿಗೆ ಎಷ್ಟು ಬೇಗ ಸಿಗುತ್ತದೆ ಎಂಬುದನ್ನು ನಿಮ್ಮ ಅವಲೋಕನ ಹಾಳೆಯಲ್ಲಿ ಬರೆದುಕೊಳ್ಳಿ.

ಅನಂತರ ದೃಶ್ಯ. ಆರು ನಿಮಿಷಕ್ಕಿಂತ ಉದ್ದವಿರಬಾರದು. ಮೊದಲ ಸಲ ಎಲ್ಲ ಪಾತ್ರಗಳನ್ನೂ ಪ್ರಶಿಕ್ಷಣಾರ್ಥಿಗಳೇ ಆಡಬೇಕು. ಕೆಳಗಿನದು ಬೆಂಗಳೂರಿನ ಅಂಚಿನ ಶಾಲೆಗೆಂದು ಬರೆದ ಮಾದರಿ. ಮಲ್ಲು ಎಂಬ ಹುಡುಗ ಕೊಪ್ಪಳ ಜಿಲ್ಲೆಯಿಂದ ಬಂದವನು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ.

ಅಡುಗೆಯಕ್ಕ: ಮೊಟ್ಟೆ ಬೇಕೋ, ಬಾಳೆಹಣ್ಣು ಬೇಕೋ?
ಮಲ್ಲು: ನನಗ ತತ್ತಿ ಬ್ಯಾಡ್ರಿ, ಬಾಳಿಹಣ್ಣ ಕೊಡ್ರಿ.
ಕಿರಣ: ಏನಂದೆ? ಇನ್ನೊಂದ್ಸಲ ಹೇಳೋ!
ಚೇತನ್: ತತ್ತಿ ಅಂತೆ ಕಣೋ! (ಆ ಪದವನ್ನು ಬೇಕೆಂದೇ ಕೊಳಕಾಗಿ ತಿರುಚಿ ಹೇಳುತ್ತಾನೆ. ಸಾಲಿನಲ್ಲಿ ನಗು. ಅನುಷಾ ಕೂಡ ನಗುತ್ತಾಳೆ, ಆಮೇಲೆ ತನ್ನ ತಟ್ಟೆ ನೋಡಿಕೊಳ್ಳುತ್ತಾಳೆ. ನವೀನ ನಲ್ಲಿಯ ಹತ್ತಿರ ಕೈ ತೊಳೆಯುತ್ತ ನೋಡುತ್ತಾನೆ.)
ಕಿರಣ: ಇವತ್ತಿಂದ ಇವನ ಹೆಸರು ತತ್ತಿ.

ಎರಡನೆಯ ಭಾಗ ಮರುದಿನ, ತರಗತಿಯಲ್ಲಿ.

ಶಿಕ್ಷಕಿ: ಮುಂದಿನ ಪ್ಯಾರಾ ಯಾರು ಓದ್ತೀರಾ?
ಚೇತನ್: ತತ್ತಿ ಓದ್ಲಿ ಮಿಸ್!
ಶಿಕ್ಷಕಿ: (ಮುಗುಳ್ನಕ್ಕು) ಸರಿ, ನೀನೇ ಓದಪ್ಪ.
ಮಲ್ಲು: (ಎದ್ದು ನಿಂತು, ಪುಸ್ತಕ ಮುಚ್ಚಿ) ನನಗ ಓದಾಕ ಬರಂಗಿಲ್ರಿ.

ದೃಶ್ಯ ಅಲ್ಲಿಗೆ ನಿಲ್ಲುತ್ತದೆ. ಮಲ್ಲುವಿಗೆ ಓದಲು ಬರುತ್ತದೆ ಎಂಬುದನ್ನು ಮೊದಲ ಭಾಗದ ಆರಂಭದಲ್ಲೇ ತೋರಿಸಿರಿ: ಸಾಲಿನಲ್ಲಿ ನಿಂತು ಗೋಡೆಯ ಮೇಲಿನ ಊಟದ ಪಟ್ಟಿಯನ್ನು ಅವನು ಜೋರಾಗಿ ಓದುತ್ತಿರಲಿ. ಪರಿಹಾರವಿಲ್ಲದೆ ಮುಗಿಯುವುದೇ ಇದರ ನಿಯಮ. ತಪ್ಪೊಪ್ಪಿಗೆಯ ಒಂದು ಸಾಲು ಸೇರಿಸಬೇಕೆಂದು ಕೈ ತುರಿಸುತ್ತದೆ. ಸೇರಿಸಬೇಡಿ.

ಇನ್ನು ಭಾಗವತರ ಕೆಲಸ. ‘ಇದೇ ದೃಶ್ಯ ಮತ್ತೊಮ್ಮೆ ನಡೆಯುತ್ತದೆ. ಅನುಷಾ, ನವೀನ, ಸಾಲಿನಲ್ಲಿರುವ ಉಳಿದವರು, ಇವರಲ್ಲಿ ಯಾರ ಜಾಗಕ್ಕಾದರೂ ನೀವು ಬರಬಹುದು. ಬರಬೇಕೆನಿಸಿದಾಗ “ನಿಲ್ಲಿ” ಎಂದು ಕೂಗಿ, ಬಂದು ಆಡಿ. ಕಿರಣನ ಜಾಗಕ್ಕೆ ಬರುವಂತಿಲ್ಲ. ಯಾರಾದರೂ ನಿಜದಲ್ಲಿ ಆಗಲಾರದ್ದನ್ನು ಮಾಡಿದರೆ ಉಳಿದವರು “ಮಾಯೆ!” ಎಂದು ಕೂಗಬಹುದು.’ ಈ ಕೊನೆಯ ನಿಯಮವೂ ಬೊವಾಲ್ ಅವರದೇ. ಮಕ್ಕಳಿಗೆ ಅತ್ಯಂತ ಪ್ರಿಯವಾಗುವುದೂ ಅದೇ.

ಏಳನೆಯ ತರಗತಿಯೊಂದರಲ್ಲಿ ಈ ಪಾಠವನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸಿದ್ದೇನೆ. ಮೊದಲು ಬಂದ ಹುಡುಗ ನೇರವಾಗಿ ಕಿರಣನ ಕಾಲರ್ ಹಿಡಿದ. ಭಾರಿ ಚಪ್ಪಾಳೆ. ಭಾಗವತರಾಗಿದ್ದ ಪ್ರಶಿಕ್ಷಣಾರ್ಥಿ ಗದರಲಿಲ್ಲ, ‘ನಾಳೆ ಏನಾಗುತ್ತೆ?’ ಎಂದು ಮಾತ್ರ ಕೇಳಿದರು. ‘ಕಿರಣ ಅಣ್ಣನ್ನ ಕರ್ಕೊಂಡು ಬರ್ತಾನೆ ಮಿಸ್’ ಎಂದಿತು ಹಿಂದಿನ ಸಾಲು. ಎರಡನೆಯ ಹುಡುಗಿ ‘ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಎಂದು ಶುರುಮಾಡಿದಳು. ಇಡೀ ತರಗತಿ ‘ಮಾಯೆ!’ ಎಂದಿತು. ಪ್ರಾರ್ಥನೆಯ ಹೊತ್ತಿನ ನಮ್ಮ ಭಾಷಣಗಳ ಬಗ್ಗೆ ಮಕ್ಕಳ ಅಭಿಪ್ರಾಯವೇನೆಂದು ತಿಳಿಯಬೇಕಾದರೆ ಆ ಕೂಗನ್ನು ಕೇಳಬೇಕು. ಮೂರನೆಯವನು ಮಿಸ್‌ಗೆ ಹೇಳಲು ಹೋದ, ಕಿರಣ ಅವನನ್ನು ‘ಚಾಡಿಕೋರ’ ಎಂದ. ಇಲ್ಲಿ ಐದು ನಿಮಿಷ ನಿಲ್ಲಬೇಕಾಯಿತು. ಯಾರನ್ನಾದರೂ ಸಿಕ್ಕಿಸಲು ಹೇಳುವುದು ಚಾಡಿ, ಯಾರನ್ನಾದರೂ ಬಿಡಿಸಲು ಹೇಳುವುದು ಚಾಡಿಯಲ್ಲ ಎಂಬ ವ್ಯತ್ಯಾಸವನ್ನು ಮಕ್ಕಳೇ ಕಂಡುಕೊಂಡರು.

ಆಮೇಲೆ, ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬ ಹುಡುಗಿ ಅನುಷಾಳ ಜಾಗಕ್ಕೆ ಬಂದಳು. ಕಿರಣನ ಕಡೆ ನೋಡಲೇ ಇಲ್ಲ. ತಟ್ಟೆ ಮುಂದೆ ಹಿಡಿದು, ‘ಅಕ್ಕಾ, ನನಗೂ ತತ್ತಿ ಬೇಡ, ಬಾಳೆಹಣ್ಣು ಕೊಡಿ’ ಎಂದಳು, ಮಲ್ಲುವಿನ ಪಕ್ಕದಲ್ಲಿ ಹೋಗಿ ನಿಂತಳು. ಕಿರಣನ ಪಾತ್ರ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿಗೆ ಮುಂದೇನು ಹೇಳಬೇಕೆಂದು ತೋಚಲಿಲ್ಲ. ನಗಲು ಸಾಲಿನಲ್ಲಿ ಏನೂ ಉಳಿದಿರಲಿಲ್ಲ.

ತರಗತಿ ಇದನ್ನು ತಕ್ಷಣ ಒಪ್ಪಿತೆಂದಲ್ಲ. ‘ಅವಳೂ ಅಣಕಿಸಿದ ಹಾಗೇ ಇತ್ತು’ ಎಂದ ಒಬ್ಬ. ತಕರಾರು ನ್ಯಾಯವಾದದ್ದೇ, ಅದೇ ಪದ, ದನಿ ಸ್ವಲ್ಪ ಬದಲಾದರೆ ಅಣಕವೇ ಆಗುತ್ತದೆ. ತೀರ್ಪನ್ನು ಭಾಗವತರು ಕೊಡಬಾರದು. ಮಲ್ಲುವಿನ ಪಾತ್ರಧಾರಿಯನ್ನು ಕೇಳಬೇಕು: ನಿನಗೆ ಹೇಗನ್ನಿಸಿತು? ‘ಪಕ್ಕಕ್ಕೆ ಬಂದು ನಿಂತ ಮೇಲೆ ಗೊತ್ತಾಯಿತು’ ಎಂಬ ಉತ್ತರ ಬಂತು. ಮಾತಿಗಿಂತ ಮೊದಲು ಜಾಗ ಬದಲಿಸಬೇಕು ಎಂದು ಮುಂದಿನ ಮೂರು ಮಕ್ಕಳು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಆಡಿದರು. ಒಬ್ಬ ಏನೂ ಹೇಳದೆ ಬರೀ ನಗದೆ ನಿಂತ. ಅದನ್ನೂ ಒಂದು ಉತ್ತರವೆಂದು ಬರೆದುಕೊಳ್ಳಿ. ಅಂಜುಬುರುಕ ಮಗುವಿಗೂ ಆಗುವಂಥದ್ದು ಅದು.

(ಕನ್ನಡ ಬೋಧನೆಯ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ‘ತತ್ತಿ’ ನಿಘಂಟಿನಲ್ಲಿರುವ ಒಳ್ಳೆಯ ಕನ್ನಡ ಪದ, ಅರ್ಧ ನಾಡು ಬಳಸುವ ಪದ. ಮರುದಿನದ ಭಾಷಾ ಅವಧಿಯಲ್ಲಿ ಒಂದೇ ವಸ್ತುವಿಗೆ ಮಕ್ಕಳ ಮನೆಗಳಲ್ಲಿರುವ ಬೇರೆ ಬೇರೆ ಪದಗಳನ್ನು ಹಲಗೆಯ ಮೇಲೆ ಬರೆಸಿ. ಪ್ರತ್ಯೇಕ ಪಾಠಯೋಜನೆ ಬೇಕಿಲ್ಲ.)

ಕೊನೆಯಲ್ಲಿ ಪಾತ್ರಧಾರಿಗಳು ಮಕ್ಕಳೆದುರೇ ಟೋಪಿ, ಟವೆಲ್ ತೆಗೆದಿಟ್ಟು ತಮ್ಮ ಹೆಸರು ಹೇಳಬೇಕು: ‘ನಾನು ಕಿರಣ ಅಲ್ಲ, ನಿಮ್ಮ ಗಣಿತದ ಸರ್.’ ಬಿಟ್ಟರೆ ಮರುದಿನ ಗಣಿತದ ಸರ್ ಕಿರಣ ಆಗಿಯೇ ಉಳಿಯುತ್ತಾರೆ.

ಯಾರ ಜಾಗಕ್ಕೆ ಯಾರು

ಬೊವಾಲ್ ಅವರ ಮೂಲ ಪದ್ಧತಿಯಲ್ಲಿ ಪ್ರೇಕ್ಷಕ ಬರುವುದು ದಬ್ಬಾಳಿಕೆಗೆ ಸಿಕ್ಕವನ ಜಾಗಕ್ಕೆ. ವಯಸ್ಕರ ಸಭೆಯಲ್ಲಿ ಅದು ಸರಿ. ಕೂಲಿಗಾರರ ಸಭೆಯಲ್ಲಿ ಕೂಲಿಗಾರನ ಪಾತ್ರಕ್ಕೆ ಬರುವವನೂ ಕೂಲಿಗಾರನೇ, ಎಲ್ಲರ ಗಾಯವೂ ಒಂದೇ. ತರಗತಿಯಲ್ಲಿ ಹಾಗಿಲ್ಲ. ಮಲ್ಲುವಿನ ಜಾಗಕ್ಕೆ ಮಕ್ಕಳನ್ನು ಕರೆದರೆ ‘ಅವನು ಮೊಟ್ಟೆ ಎನ್ನಲು ಕಲಿಯಬೇಕಿತ್ತು’, ‘ಅವನು ತಿರುಗಿಸಿ ಹೊಡೆಯಬೇಕಿತ್ತು’ ಎಂಬ ಉತ್ತರಗಳೇ ಸಾಲಾಗಿ ಬರುತ್ತವೆ. ನೋವು ತಿಂದವನೇ ರಿಪೇರಿಯಾಗಬೇಕು ಎಂದು ಇಡೀ ತರಗತಿ ಒಟ್ಟಾಗಿ ಹೇಳಿದಂತಾಗುತ್ತದೆ. ಆದ್ದರಿಂದ ನೋಡುಗರ ಜಾಗವನ್ನಷ್ಟೇ ತೆರೆದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೊವಾಲ್ ಪದ್ಧತಿಯ ನಿಷ್ಠರು ಇದನ್ನು ಒಪ್ಪದಿರಬಹುದು.

ಹಾಗೆಯೇ, ಆ ತರಗತಿಯಲ್ಲಿ ನಿಜವಾಗಿ ನಡೆಯುತ್ತಿರುವುದನ್ನು ಎಂದೂ ದೃಶ್ಯ ಮಾಡಬೇಡಿ. ತರಗತಿಯಲ್ಲಿ ಉತ್ತರ ಕರ್ನಾಟಕದ ಒಂದು ಮಗು ಇದ್ದರೂ ಮೇಲಿನ ಮಾದರಿಯನ್ನು ಬದಿಗಿಟ್ಟು, ಕನ್ನಡಕ ಹಾಕಿಕೊಂಡು ಬಂದ ಹುಡುಗಿಯ ಕತೆಯನ್ನೋ, ಆಟಕ್ಕೆ ಸೇರಿಸಿಕೊಳ್ಳದ ಹುಡುಗನ ಕತೆಯನ್ನೋ ಬರೆಯಿರಿ. ಕತೆ ದೂರದ್ದಾದರೂ ಸಂಬಂಧ ಕಲ್ಪಿಸಿಕೊಳ್ಳುವುದನ್ನು ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಪಾತ್ರದ ಹೆಸರು ತರಗತಿಯ ಯಾರ ಹೆಸರೂ ಆಗದಂತೆ ಹಾಜರಿ ಪುಸ್ತಕ ನೋಡಿಕೊಳ್ಳಿ. ಕಾಡಿಸುವವನ ಪಾತ್ರವನ್ನು ಮಕ್ಕಳಿಗೆ ಕೊಡಬಾರದು. ಸಾಧು ಹುಡುಗನಿಗೆ ಕೊಟ್ಟರೂ ಅದರ ರುಚಿ ಹತ್ತುತ್ತದೆ, ಕಾಡಿಸುವ ಹುಡುಗನಿಗೇ ಕೊಟ್ಟರಂತೂ ಶಾಲೆಯೇ ಪ್ರಶಸ್ತಿ ಕೊಟ್ಟಂತೆ.

ಪಾಠದ ನಂತರ ಯಾವುದಾದರೂ ಮಗು ನಿಮ್ಮ ಹತ್ತಿರ ಬಂದು ತನ್ನದನ್ನು ಹೇಳಿಕೊಳ್ಳಬಹುದು. ಕೇಳಿ, ನಂಬಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಭಾಷೆ ಕೊಡಬೇಡಿ. ಮಗು ಹೇಳಿದ ಮಾತುಗಳಲ್ಲೇ ಬರೆದುಕೊಂಡು ಅಂದೇ ತರಗತಿ ಶಿಕ್ಷಕರಿಗೆ, ಮುಖ್ಯಶಿಕ್ಷಕರಿಗೆ ತಿಳಿಸಬೇಕು. ಲೈಂಗಿಕ ಸ್ವರೂಪದ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ಅಥವಾ ವಿಶೇಷ ಬಾಲಪೊಲೀಸ್ ಘಟಕಕ್ಕೆ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಪಾಠದ ದಿನವೇ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ.

ಶಿಕ್ಷಕಿಯ ಮುಗುಳ್ನಗೆ

ದೃಶ್ಯದ ಎರಡನೆಯ ಭಾಗದಲ್ಲಿ ಶಿಕ್ಷಕಿ ಕೆಟ್ಟದ್ದೇನೂ ಮಾಡುವುದಿಲ್ಲ, ಮುಗುಳ್ನಗುತ್ತಾರೆ ಅಷ್ಟೆ. ಬೋಧನಾಭ್ಯಾಸದ ಹುರುಪಿನಲ್ಲಿ ಮಕ್ಕಳಿಗೆ ಹತ್ತಿರವಾಗಲು ಅವರ ಅಡ್ಡಹೆಸರುಗಳನ್ನು ನಾವೂ ಬಳಸುವುದುಂಟು. ‘ಉದ್ದನೆಯವನೇ’, ‘ಗುಂಡ’, ‘ಸೋಡಾಬುಡ್ಡಿ’. ಸಾಲ್ಮಿವಾಲ್ಲಿ ಅವರ ಪಟ್ಟಿಯಲ್ಲಿ ಇಂಥ ಶಿಕ್ಷಕರಿಗೂ ಒಂದು ಮನೆ ಇದೆ: ನಕ್ಕು ಹುರಿದುಂಬಿಸುವವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಪರೀಕ್ಷೆಗೆ ಓದಿರುತ್ತೀರಿ. ಮಕ್ಕಳು ‘ಮಿಸ್ ಜಾಗಕ್ಕೆ ನಾನು ಬರಲಾ?’ ಎಂದು ಕೇಳಿದರೆ ಬಿಡಿ. ನಾನು ನೋಡಿದ ತರಗತಿಯಲ್ಲಿ ಮಿಸ್ ಆಗಿ ಬಂದ ಹುಡುಗ ಮಾಡಿದ್ದು ಇಷ್ಟೇ: ‘ತತ್ತಿ ಯಾರಪ್ಪ? ಹಾಜರಿಯಲ್ಲಿ ಆ ಹೆಸರಿಲ್ಲ. ಮಲ್ಲು, ಎಲ್ಲಿಂದ ಓದ್ತೀಯ?’

ಪಾಠದ ನಂತರದ ವಾರಗಳು

ಒಂದು ಶನಿವಾರದ ನಾಟಕದಿಂದ ಶಾಲೆ ಬದಲಾಗುವುದಿಲ್ಲ. ತುರ್ಕು ವಿಶ್ವವಿದ್ಯಾಲಯದಲ್ಲಿ ಸಾಲ್ಮಿವಾಲ್ಲಿ ಅವರ ತಂಡ ರೂಪಿಸಿದ ಕಿವಾ ಕಾರ್ಯಕ್ರಮ ಫಿನ್ಲೆಂಡಿನ ಶಾಲೆಗಳಲ್ಲಿ ಪೀಡನೆಯನ್ನು ತಗ್ಗಿಸಿತು. ಅದರಲ್ಲಿ ಪಾತ್ರಾಭಿನಯ ಒಂದು ಭಾಗ ಮಾತ್ರ. ವರ್ಷವಿಡೀ ಹರಡಿದ ಪಾಠಗಳು, ಪ್ರಕರಣ ಬಂದಾಗ ಕೂತು ಮಾತನಾಡುವ ಶಿಕ್ಷಕರ ತಂಡ, ಪೋಷಕರ ಪಾಲ್ಗೊಳ್ಳುವಿಕೆ ಎಲ್ಲವೂ ಅದರಲ್ಲಿವೆ. ನಮ್ಮ ಕೈಯಲ್ಲಿ ಅಷ್ಟಿಲ್ಲ. ಇರುವಷ್ಟರಲ್ಲಿ, ಪಾಠಕ್ಕೆ ಮೊದಲ ವಾರ ಮತ್ತು ಪಾಠವಾಗಿ ಮೂರನೆಯ ವಾರ ಬಿಸಿಯೂಟದ ಸಾಲನ್ನು ತಲಾ ಮೂರು ದಿನ ಅವಲೋಕಿಸಿ. ಒಬ್ಬರೇ ಕೂತು ಉಣ್ಣುವವರು ಎಷ್ಟು ಮಂದಿ, ಅಡ್ಡಹೆಸರಿಗೆ ನಗು ಎಷ್ಟು ಸಲ ಬಂತು, ಎಷ್ಟು ಸಲ ಬರಲಿಲ್ಲ ಎಂಬುದನ್ನು ಗುರುತುಹಾಕಿ. ‘ನಿನ್ನನ್ನು ಯಾರು ಕಾಡಿಸುತ್ತಾರೆ, ಬರೆ’ ಎಂದು ಚೀಟಿ ಹಂಚಬೇಡಿ. ಆ ಚೀಟಿ ಸಂಜೆಯೊಳಗೆ ಯಾರ ಕೈಗೆ ಸೇರುತ್ತದೆಂದು ಹೇಳಲಾಗದು. ಬದಲಿಗೆ ಶಾಲೆಯ ನಕ್ಷೆ ಕೊಟ್ಟು, ‘ಹೋಗಲು ಇಷ್ಟವಿಲ್ಲದ ಜಾಗಕ್ಕೆ ಬಣ್ಣ ಹಚ್ಚಿ’ ಎನ್ನಿ. ಹೆಸರು ಬೇಕಿಲ್ಲ. ಬಣ್ಣ ದಟ್ಟವಾದ ಕಡೆ ವಿರಾಮದಲ್ಲಿ ಒಬ್ಬ ಶಿಕ್ಷಕರು ನಿಂತರಾಯಿತು.

ಇಂಟರ್ನ್‌ಶಿಪ್‌ಗೆ ಇರುವುದು 16 ವಾರ. ಈ ಪಾಠವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳುವವರೇ ಹೆಚ್ಚು, ಮೌಲ್ಯಮಾಪನಕ್ಕೆ ಬರುವವರಿಗೆ ನಾಟಕ ಚೆನ್ನಾಗಿ ಕಾಣುತ್ತದೆಂದು. ಬಾಯಿ ತೆರೆದ ಮಗು ಸೋಮವಾರ ಬಂದು ನೋಡಿದರೆ ನೀವಿರುವುದಿಲ್ಲ. ಆದ್ದರಿಂದ ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ ಮಾಡಿ, ತರಗತಿ ಶಿಕ್ಷಕರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಹದಿನಾಲ್ಕನೆಯ ವಾರ ಹೊಸ ದೃಶ್ಯವೊಂದನ್ನು ಅವರೇ ಭಾಗವತರಾಗಿ ನಡೆಸಲಿ, ನೀವು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಹಾಳೆ ತುಂಬಿ, ಅದರ ಒಂದು ಪ್ರತಿಯನ್ನು ಶಾಲೆಯಲ್ಲೇ ಬಿಟ್ಟು ಬನ್ನಿ.